ನಾನು ಸಹಿ ಹಾಕಿದ ನಕ್ಷೆ

ಸಾಲಗಾರನಿಗೆ ಸ್ವಂತ ಮನೆ ಇರಬಾರದು. ಇದ್ದರೂ ಅದರ ಹಿಂದಿನ ಕೋಣೆ ಸೋರಬಾರದು. ಸೋರಿದರೂ ಅದು ಹೆಂಡತಿಯ ಕಣ್ಣಿಗೆ ಬೀಳಬಾರದು. ನನ್ನ ಪಾಲಿಗೆ ಇವೆಲ್ಲ ಒಟ್ಟಿಗೇ ಬಂದು ವಕ್ಕರಿಸಿದವು.

ನಾನು ಕನ್ನಡಕದವನು. ಹನ್ನೊಂದು ವರ್ಷ ಸ್ವಂತ ಅಂಗಡಿ ಇಟ್ಟಿದ್ದೆ. ಅದು ಮುಳುಗತೊಡಗಿದಾಗ ಅಕ್ಕ ತನ್ನ ಎರಡು ಕೋಣೆಯ ಮನೆ ಮಾರಿ ಹಣ ತಂದುಕೊಟ್ಟಳು. (ಬೇಡ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ.) ಆ ಹಣವನ್ನೂ ನುಂಗಿ ನೀರು ಕುಡಿದು ಅಂಗಡಿ ಮುಚ್ಚಿತು. ಅಕ್ಕ ಎಲ್ಲೋ ಎರಡನೆಯ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು. ನಾನು ಇನ್ನೊಬ್ಬರ ಕನ್ನಡಕದ ಅಂಗಡಿಗೆ ಸಂಬಳಕ್ಕೆ ಸೇರಿದೆ. ಈಗ ದಿನವಿಡೀ ಕತ್ತಲೆ ಕೋಣೆಯಲ್ಲಿ ನಿಂತು, 'ಈಗ ಚೆನ್ನಾಗಿ ಕಾಣುತ್ತಾ, ಈಗ?' ಎಂದು ಕೇಳುತ್ತ ಲೋಕದ ದೃಷ್ಟಿದೋಷ ನಿವಾರಣೆ ಮಾಡುತ್ತಿರುತ್ತೇನೆ.

ಅಕ್ಕನ ಸಾಲಕ್ಕೆ ತಿಂಗಳ ಕಂತು ಗೊತ್ತುಮಾಡಿಕೊಂಡ ದಿನವೇ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಕೊನೆಯ ಕಂತು ಸಂದಾಯವಾಗುವವರೆಗೆ ಈ ಮನೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ! ಅಕ್ಷರಶಃ ಪಾಲಿಸಿದೆ. ನಮ್ಮ ಗೋಡೆ ಗಡಿಯಾರ ಎರಡೂವರೆ ವರ್ಷದಿಂದ ಕುರ್ಚಿಯ ಮೇಲೆ ಕೂತಿದೆ. ಕಂತು ಮಾತ್ರ ಒಂದು ದಿನವೂ ತಡವಾಗದಂತೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತಿತ್ತು.

ಆದರೆ ನಾನು ಹೋಗುತ್ತಿರಲಿಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ನಾಚಿಕೆಯಾಗುತ್ತಿತ್ತು. ನನ್ನಿಂದ ಮನೆ ಕಳೆದುಕೊಂಡವಳ ಬಾಡಿಗೆ ಕೋಣೆಯಲ್ಲಿ ಕೂತು ಟೀ ಕುಡಿಯುವ ಮುಖ ನನಗಿರಲಿಲ್ಲ. ಸಾಲ ಪೂರ್ತಿ ತೀರಲಿ, ಆಮೇಲೆ ತಲೆಯೆತ್ತಿ ಹೋದರಾಯಿತು ಎಂದುಕೊಂಡಿದ್ದೆ. ಅಕ್ಕನ ಫೋನ್ ಬಂದರೆ ಅದನ್ನು ಹೆಂಡತಿಯ ಕೈಗಿತ್ತು ಸ್ನಾನಕ್ಕೆ ಹೋಗಿಬಿಡುತ್ತಿದ್ದೆ. ಕೆಲವು ಭಾನುವಾರ ಮೂರು ಸಲ ಸ್ನಾನ ಮಾಡಿದ್ದೂ ಇದೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತವಳು, ಯಂತ್ರ ನಿಲ್ಲಿಸಿ ಹೇಳಿದಳು.

"ರೀ, ಹಿಂದಿನ ಕೋಣೆ ಸರಿಮಾಡಿಸಬೇಕು."

"ನನ್ನ ಪ್ರತಿಜ್ಞೆ ಏನು ಅಂತ ಗೊತ್ತಲ್ಲ?"

"ಪ್ರತಿಜ್ಞೆ ನಿಮ್ಮದು. ಹೊಲಿಗೆ ದುಡ್ಡು ನನ್ನದು."

ಕಾನೂನು ಅವಳ ಪರವಾಗಿತ್ತು.

"ಯಾಕೆ ಅಂತ ಕೇಳಲ್ವಾ?" ಎಂದಳು.

"ಕೇಳೋದೇನಿದೆ? ಸೋರ್ತಾ ಇದೆ."

"ಅದಷ್ಟೇ ಅಲ್ಲ. ಮೊನ್ನೆ ಅತ್ತಿಗೆ ಮನೆಗೆ ಹೋಗಿದ್ದೆ. ಅತ್ತಿಗೆಗೆ..."

"ನನ್ನ ಟವೆಲ್ ಎಲ್ಲಿ?" ಎಂದು, ಅಕ್ಕನ ಮಾತು ಮುಂದುವರಿಯುವ ಮೊದಲೇ ನಾನು ಎದ್ದೆ.

ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುವಾಗ ನನಗೆ ಜ್ಞಾನೋದಯವಾಯಿತು. ಮನೆಯಲ್ಲಿರುವವರು ನಾವಿಬ್ಬರೇ. ಹಜಾರದಲ್ಲಿ ಅವಳ ಹೊಲಿಗೆ. ಅಡುಗೆಮನೆ ಅವಳದು. ಮಲಗುವ ಕೋಣೆಯ ಅರ್ಧದಷ್ಟು ಗಿರಾಕಿಗಳ ಬಟ್ಟೆಗಂಟು. ಹಾಗಾದರೆ ಹಿಂದಿನ ಕೋಣೆ ಯಾರಿಗೆ? ಗಂಡನಿಗೆ! ಪಾಪ, ಗಂಡ ಎರಡೂವರೆ ವರ್ಷದಿಂದ ಮನಸ್ಸಿನಲ್ಲೇ ಕೊರಗುತ್ತಿದ್ದಾನೆ, ಅವನಿಗೊಂದು ಓದುವ ಕೋಣೆಯಾದರೂ ಇರಲಿ ಎಂದು ಅವಳಿಗೆ ಅನ್ನಿಸಿದೆ. ಅವಳ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. (ಮೈಯೊರೆಸಿಕೊಂಡು ಬಂದ ಮೇಲೆ ಅದನ್ನು ಹೇಳಲಿಲ್ಲ. ಗಂಡಸರು ಹೇಳಬೇಕಾದ್ದನ್ನು ಯಾವತ್ತು ಹೇಳಿದ್ದಾರೆ?)

ಒಬ್ಬ ಆರ್ಕಿಟೆಕ್ಟ್ ಗೊತ್ತಾದರು. 'ವಾಸ್ತುಶಿಲ್ಪಿ' ಎಂದರೆ ಉಳಿ ಸುತ್ತಿಗೆ ಹಿಡಿದ, ಗಡ್ಡದ ಮುದುಕರನ್ನು ನಾನು ಊಹಿಸಿದ್ದೆ. ಬಂದದ್ದು ನನ್ನ ಹೆಂಡತಿಯ ಹತ್ತಿರ ಬಟ್ಟೆ ಹೊಲಿಸುವ ಒಬ್ಬ ಹೆಣ್ಣುಮಗಳು, ಕಿವಿಯ ಸಂದಿಯಲ್ಲಿ ಪೆನ್ಸಿಲು. ನಾನು ಕೆಲಸಕ್ಕೆ ಹೋದಾಗ ಬಂದು ಅಳತೆ ತೆಗೆದುಕೊಂಡು ಹೋದಳಂತೆ. ಹೆಂಡತಿಯ ಜೊತೆ ಎರಡು ಮೂರು ಸಲ ಎಲ್ಲೆಲ್ಲೋ ಓಡಾಡಿದಳಂತೆ. ಕೊನೆಗೊಂದು ಸಂಜೆ ನಕ್ಷೆ ಒಪ್ಪಿ ಸಹಿ ಹಾಕಲು ನಮ್ಮಿಬ್ಬರನ್ನೂ ತನ್ನ ಆಫೀಸಿಗೆ ಕರೆದಳು.

ನಾವು ಕೂರುವ ಹೊತ್ತಿಗೆ ಆಕೆ ಫೋನಿನಲ್ಲಿ ಯಾರಿಗೋ ಸಿಮೆಂಟಿನ ವಿಷಯವಾಗಿ ಛೀಮಾರಿ ಹಾಕುತ್ತಿದ್ದಳು. ನಡುವೆಯೇ ದೊಡ್ಡ ಹಾಳೆಯೊಂದನ್ನು ನನ್ನ ಕಡೆ ತಿರುಗಿಸಿ, "ಯಾವುದು ಯಾರಿಗೆ, ಯಾಕೆ, ಎಲ್ಲಾ ಬರೆದಿದೀನಿ ಸರ್. ಓದಿ ನೋಡಿ ಸಹಿ ಹಾಕಿ," ಎಂದಳು.

ಈಗ ನನ್ನ ಬಾಳಿನ ಗುಟ್ಟೊಂದನ್ನು ಹೊರಗೆ ಹಾಕುತ್ತೇನೆ. ನನಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ಕನ್ನಡಕ ಇದೆ. ಜೇಬಿನಲ್ಲೇ ಇರುತ್ತದೆ. ಆದರೆ ಹೊಸಬರೆದುರು, ಅದರಲ್ಲೂ ವಯಸ್ಸಿನಲ್ಲಿ ಚಿಕ್ಕವರೆದುರು, ನಾನು ಅದನ್ನು ತೆಗೆಯುವುದಿಲ್ಲ. ನಮ್ಮ ಕಣ್ಣು ನೋಡುವವನ ಕಣ್ಣೇ ಹೋಗಿದೆ ಎಂದು ಜನ ಆಡಿಕೊಳ್ಳುವುದು ಬೇಡ ಅಂತ. ಆ ಹಾಳೆಯಲ್ಲಿ ನನಗೆ ಕಂಡದ್ದು ಒಂದಷ್ಟು ಗೆರೆ, ಅದರ ಮೇಲೆ ಇರುವೆ ಸಾಲು. ಹಾಳೆಯನ್ನು ದೂರ ಹಿಡಿದೆ. ಹುಬ್ಬು ಗಂಟಿಕ್ಕಿದೆ. ಗಂಟಲು ಸರಿಮಾಡಿಕೊಂಡೆ. ಸುಮ್ಮನೆ ಸಹಿ ಹಾಕಿದರೆ ಗೌರವವಲ್ಲವೆಂದು ಒಂದು ಕಡೆ ಬೆರಳಿಟ್ಟು, "ಈ ಕಿಟಕಿ ಚೆನ್ನಾಗಿ ಬಂದಿದೆ," ಎಂದೆ.

ಆರ್ಕಿಟೆಕ್ಟ್ ಫೋನ್ ಕೆಳಗಿಟ್ಟಳು. "ಅದು ಮೆಟ್ಟಿಲು ಸರ್. ಅದನ್ನ ತೆಗೀತಾ ಇದೀವಿ."

"ಅದನ್ನೇ ನಾನೂ ಹೇಳಿದ್ದು," ಎಂದು ಸಹಿ ಹಾಕಿದೆ.

ತಲೆಯೆತ್ತಿ ನೋಡಿದರೆ ನನ್ನ ಹೆಂಡತಿಯ ಕಣ್ಣು ತುಂಬಿಬಂದಿತ್ತು. ದಾರಿಯಲ್ಲಿ ಬರುವಾಗ ನನ್ನ ತೋಳು ಹಿಡಿದುಕೊಂಡು, "ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ ರೀ," ಎಂದಳು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಈ ಮಾತು ಮೊದಲ ಸಲ ಕೇಳಿದ್ದು. ಯಾಕೆ ಏನು ಎಂದು ವಿಚಾರಿಸಿ ಅದನ್ನು ಕೆಡಿಸಿಕೊಳ್ಳುವಷ್ಟು ದಡ್ಡ ನಾನಲ್ಲ.

ಕೆಲಸ ಶುರುವಾಯಿತು. ಕೋಣೆಯ ಬಾಗಿಲನ್ನು ಅಗಲ ಮಾಡಿದರು, ಕುದುರೆಗಾಡಿ ನುಗ್ಗುವಷ್ಟು.

"ಏನಪ್ಪಾ, ಬಾಗಿಲು ಇಷ್ಟಗಲ?" ಎಂದು ಗಾರೆಯವನನ್ನು ಕೇಳಿದೆ.

"ನಕ್ಷೇಲಿ ಹಾಗೇ ಇದೆ. ಸಹಿ ನಿಮ್ಮದೇ ಅಲ್ವಾ?" ಎಂದ.

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಆಮೇಲೆ ಕಂಡದ್ದಕ್ಕೆಲ್ಲ ನಾನೇ ಅರ್ಥ ಹಚ್ಚಿಕೊಂಡೆ. ಬಾಗಿಲು ಅಗಲ ಇರುವುದು ಪುಸ್ತಕದ ಬೀರು ಒಳಗೆ ಬರಲಿ ಎಂದು. ಮೆಟ್ಟಿಲು ತೆಗೆದು ಇಳಿಜಾರು ಮಾಡಿದ್ದು, ಯೋಚನೆ ಮಾಡುತ್ತ ನಡೆಯುವವನು ಎಡವದಿರಲಿ ಎಂದು. ಪಕ್ಕದಲ್ಲೇ ಕಟ್ಟಿದ ಬಚ್ಚಲಿನ ಗೋಡೆಗೆ ಉಕ್ಕಿನ ಹಿಡಿಕೆಗಳನ್ನು ಕೂರಿಸಿದರು. ಗಹನವಾದ ಚಿಂತನೆಯಲ್ಲಿರುವವರು ಸ್ನಾನದಲ್ಲಿ ಜಾರುವುದುಂಟು. ಓದಿ ದಣಿದವನು ಮಲಗಲೆಂದು ಒಂದು ಮಂಚವೂ ಬಂತು. ಅದರ ಬಳಿ ಒಂದು ಕರೆಗಂಟೆಯ ಗುಂಡಿ ಬಂದಾಗ ಮಾತ್ರ ನಾನು ಕರಗಿಹೋದೆ. ಟೀ ಬೇಕೆಂದರೆ ಕೂಗುವ ಅಗತ್ಯವೂ ಇಲ್ಲ! ಒಮ್ಮೆ ಒತ್ತಿ ನೋಡಿದೆ. ಹೆಂಡತಿ ಅಡುಗೆಮನೆಯಿಂದ ಓಡಿಬಂದು, "ಕೇಳಿಸ್ತು ರೀ, ಚೆನ್ನಾಗಿ ಕೇಳಿಸ್ತು!" ಎಂದು ಸಂತೋಷಪಟ್ಟು ಹೊರಟುಹೋದಳು. ಟೀ ಬರಲಿಲ್ಲ.

ಇಷ್ಟೆಲ್ಲ ಮಾಡಿದವಳಿಗೆ ನನ್ನ ಕಡೆಯಿಂದ ಏನೂ ಇಲ್ಲದಿದ್ದರೆ ಹೇಗೆ? ಓದುವ ಕೋಣೆಗೆ ಒಂದು ಕುರ್ಚಿ ನಾನೇ ತರುವುದೆಂದು ನಿಶ್ಚಯಿಸಿದೆ. ಹಿಂದಕ್ಕೆ ಒರಗಿದರೆ ಕಾಲಡಿಯ ಹಲಗೆ ತಾನೇ ಮೇಲೇಳುವ ಮೆತ್ತನೆಯ ಕುರ್ಚಿ. ಅದರ ಬೆಲೆ ನನ್ನ ಒಂದು ತಿಂಗಳ ಕಂತಿನಷ್ಟೇ ಇತ್ತು. ಮೂರು ದಿನ ಅಂಗಡಿಯ ಮುಂದೆ ಸುಳಿದಾಡಿದೆ. ನಾಲ್ಕನೆಯ ದಿನ, ಒಂದೇ ತಿಂಗಳು ತಾನೇ, ಅಕ್ಕ ಏನೂ ಅನ್ನುವುದಿಲ್ಲ ಎಂದುಕೊಂಡು ಕೊಂಡುಬಿಟ್ಟೆ. ಎರಡೂವರೆ ವರ್ಷದಲ್ಲಿ ಮೊದಲ ಸಲ ಕಂತು ತಪ್ಪಿತು. ಅವತ್ತು ಊಟ ಸೇರಲಿಲ್ಲ. ಆದರೂ ಕುರ್ಚಿಯನ್ನು ಹಿಂದಿರುಗಿಸಲಿಲ್ಲ.

ಕುರ್ಚಿ ಬಂದದ್ದು ಭಾನುವಾರ ಬೆಳಿಗ್ಗೆ. ಹೆಂಡತಿ ಅದನ್ನು ನೋಡಿದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದು ನನಗೂ ಹೊಳೆದಿರಲಿಲ್ಲ ರೀ," ಎಂದವಳು, "ಹನ್ನೊಂದರೊಳಗೆ ಬಂದುಬಿಡ್ತೀನಿ, ನೀವು ಇಲ್ಲೇ ಇರಿ," ಎಂದು ಹೊರಟಳು. ನಾನು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕುರ್ಚಿಯಲ್ಲಿ ಒರಗಿ ಕಾಲು ಚಾಚಿ ಗೃಹಪ್ರವೇಶ ಮಾಡಿದೆ. ಕಣ್ಣು ಹತ್ತಿರಬೇಕು.

ಬಾಗಿಲು ತೆರೆದ ಸದ್ದಿಗೆ ಎಚ್ಚರವಾಯಿತು. ಮೊದಲು ನಾಲ್ಕು ಕಾಲಿನ ಅಲ್ಯೂಮಿನಿಯಂ ಊರುಗೋಲೊಂದು ಆ ಅಗಲ ಬಾಗಿಲಿನಲ್ಲಿ ಸಲೀಸಾಗಿ ಒಳಗೆ ಬಂತು. ಅದರ ಹಿಂದೆ ಅಕ್ಕ ಬಂದಳು.

ನಾನು ಎದ್ದು ನಿಲ್ಲಲು ಹೋದೆ. ಕಾಲಡಿಯ ಹಲಗೆ ಕೆಳಗಿಳಿಯಲಿಲ್ಲ. ಮಗುಚಿಬಿದ್ದ ಜಿರಳೆಯಂತೆ ಕೈಕಾಲು ಆಡಿಸಿದೆ. ಹೆಂಡತಿ ಬಂದು ಪಕ್ಕದ ಹಿಡಿಯೊಂದನ್ನು ಎಳೆದಾಗ ಕುರ್ಚಿ ನನ್ನನ್ನು ಮುಂದಕ್ಕೆ ಉಗುಳಿತು. ಅಕ್ಕ ನಿಧಾನವಾಗಿ ಬಂದು ನನ್ನ ಜಾಗದಲ್ಲಿ ಕೂತಳು. ಸೊರಗಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು.

"ಕುರ್ಚೀನೂ ತಂದಿದೀಯಾ?" ಎಂದಳು. "ನಾನು ಬರೋದೇ ಇಲ್ಲ ಅಂದಿದ್ದೆ ಕಣೋ. ಆ ಮಹಡಿ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದಾಗಿನಿಂದ ನಿನ್ನ ಹೆಂಡತಿ ಬಾ ಬಾ ಅಂತ ಪೀಡಿಸ್ತಾನೇ ಇದ್ಲು. ಸಾಲ ಕೊಟ್ಟವಳು ಬಂದು ಮನೇಲಿ ಕೂತ್ರೆ ಅವನಿಗೆ ಗಂಟಲಲ್ಲಿ ಅನ್ನ ಇಳಿಯಲ್ಲ ಅಂದೆ. ಆ ಪೆನ್ಸಿಲ್ ಹುಡುಗಿ ಬೇರೆ ಬಂದು, ನಾನು ಕಾಲು ಎಷ್ಟು ಎತ್ತಬಲ್ಲೆ ಅಂತ ಟೇಪ್ ಹಿಡಿದು ಅಳೆದ್ಲು. ಆಗಲೂ ಒಪ್ಪಲಿಲ್ಲ. ಕೊನೆಗೆ ಇದನ್ನ ತಂದು ತೋರಿಸಿದ್ರು."

ಚೀಲದಿಂದ ನಕ್ಷೆಯ ಪ್ರತಿ ತೆಗೆದಳು. ಮಡಿಕೆಗಳಲ್ಲಿ ಹಾಳೆ ಸವೆದಿತ್ತು.

"'ಒಂದು ಮಾತೂ ಎದುರಾಡದೆ ಸಹಿ ಹಾಕಿದ್ರು ಅತ್ತಿಗೆ' ಅಂದ್ಲು ಇವಳು. ಆಮೇಲೆ ನನ್ನ ಹಟ ನಿಲ್ಲಲಿಲ್ಲ."

ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಓದಿದೆ. 'ಅಕ್ಕನ ಕೋಣೆ.' ಅದರ ಕೆಳಗೆ: 'ಊರುಗೋಲಿಗಾಗಿ ಅಗಲ ಬಾಗಿಲು. ರಾತ್ರಿ ಕರೆಯಲು ಗಂಟೆ.' ಎಲ್ಲದರ ಕೆಳಗೆ, ಬಾಲ ಎಳೆದ ನನ್ನ ಭರ್ಜರಿ ಸಹಿ.

ಸುಮ್ಮನಿದ್ದಿದ್ದರೆ ನನಗೇನೂ ನಷ್ಟವಿರಲಿಲ್ಲ. ಅಕ್ಕ ಹೆಮ್ಮೆಯಿಂದ ನೋಡುತ್ತಿದ್ದಳು. ಹೆಂಡತಿ ಹೆಮ್ಮೆಯಿಂದ ನೋಡುತ್ತಿದ್ದಳು. ಆದರೆ ಆ ಸವೆದ ಮಡಿಕೆ ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ಅಕ್ಕ, ನಾನು ಇದನ್ನ ಓದಿರಲಿಲ್ಲ," ಎಂದೆ.

"ಅಂದ್ರೆ?" ಎಂದಳು ಹೆಂಡತಿ.

"ಕಾಣಿಸ್ಲಿಲ್ಲ. ಕನ್ನಡಕ ಹಾಕಿರಲಿಲ್ಲ. ಕೋಣೆ ನನಗೆ ಅಂದ್ಕೊಂಡಿದ್ದೆ. ಓದೋಕೆ."

"ಓದೋಕೆ!" ಹೆಂಡತಿಯ ದನಿ ಸೂರು ಮುಟ್ಟಿತು. "ನಿಮ್ಮೆದುರು 'ಅತ್ತಿಗೆ' ಅಂದ್ರೆ ಸಾಕು ಟವೆಲ್ ಹುಡುಕ್ತೀರ. ಬಾಯಿಬಿಟ್ಟು ಹೇಳೋಕಾಗದೆ ಹಾಳೇಲಿ ಬರೆಸಿದೆ. ಅದನ್ನೂ ಓದಲಿಲ್ವಾ? ಎರಡು ತಿಂಗಳಿಂದ ನಿಮ್ಮನ್ನ ದೇವರ ಥರ ನೋಡ್ಕೊಂಡೆನಲ್ರೀ! ಕುರ್ಚಿ?"

"ಅದೂ ನನಗೇ. ಈ ತಿಂಗಳ ಕಂತು ಅದು."

ಅಕ್ಕ ಕುರ್ಚಿಯ ತೋಳನ್ನು ಎರಡು ಸಲ ತಟ್ಟಿ ನೋಡಿದಳು. "ಹಾಗಾದ್ರೆ ನನ್ನ ದುಡ್ಡಿನ ಮೇಲೆ ನಾನೇ ಕೂತಿದೀನಿ," ಎಂದಳು. ನಗಲಿಲ್ಲ. "ಆಯ್ತು, ಈಗ ಓದಿದೆಯಲ್ಲ. ಓದಿ ಹೇಳು. ಟ್ಯಾಕ್ಸಿ ಇನ್ನೂ ಬಾಗಿಲಲ್ಲೇ ಇದೆ, ಸಾಮಾನು ಇಳಿಸಿಲ್ಲ. ಇರಲಾ, ಹೋಗಲಾ?"

ಎರಡೂವರೆ ವರ್ಷ ತಪ್ಪಿಸಿಕೊಂಡ ಮುಖ ನನ್ನ ಎದುರಿಗಿತ್ತು. ಸೊಂಟ ಮುರಿದುಕೊಂಡು ಬಿದ್ದಿದ್ದಳು, ನನಗೆ ಗೊತ್ತೂ ಇರಲಿಲ್ಲ, ನಾನು ನೋಡಲೂ ಹೋಗಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಇರು ಅಕ್ಕ. ಹೋಗಬೇಡ," ಎಂದೆ. ಆಮೇಲೆ ನಾನೇ ಹೋಗಿ ಟ್ಯಾಕ್ಸಿಯಿಂದ ಅವಳ ಎರಡು ಪೆಟ್ಟಿಗೆಗಳನ್ನು ತಂದೆ.

ಪೆಟ್ಟಿಗೆ ಇಳಿಸುವಾಗ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣದೊಂದು ಆಸೆ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ಒಂದೇ ಮನೆಯಲ್ಲಿದ್ದ ಮೇಲೆ ಕಂತೇಕೆ, ಗಿಂತೇಕೆ ಎಂದು ಅಕ್ಕ ಹೇಳಬಹುದು ಎಂದು.

"ಮನೇಲಿದೀನಿ ಅಂತ ಕಂತು ಬಿಡಲ್ಲ," ಎಂದಳು ಅಕ್ಕ. "ಬ್ಯಾಂಕಿಗೆ ಹಾಕೋದು ಬೇಡ. ಕೈಯಲ್ಲಿ ತಂದುಕೊಡು. ಇಷ್ಟು ದಿನ ನಿನ್ನ ದುಡ್ಡು ಬಂತು, ನೀನು ಬರಲಿಲ್ಲ. ನಾನೇನು ದುಡ್ಡನ್ನ ತಮ್ಮ ಅಂತ ಕರೀತಿದ್ನಾ? ಈಗ ಒಂದು ಕಂತು ಬಾಕಿ ಇಟ್ಟಿದೀಯ. ಅದು ತೀರೋವರೆಗೂ ದಿನಾ ಸಂಜೆ ಇಲ್ಲಿ ಬಂದು, ಯಾಕೆ ಕೊಡ್ಲಿಲ್ಲ ಅಂತ ಕಾರಣ ಹೇಳಿ ಹೋಗು."

ಸಾಲ ಕೊಟ್ಟವರ ಮಾತು ಮೀರುವ ಹಾಗಿಲ್ಲ. ಮಾರನೆಯ ದಿನದಿಂದ ಸಂಜೆ ಅಂಗಡಿಯಿಂದ ಬಂದವನೇ ಕೈಕಾಲು ತೊಳೆದು ಅವಳ ಮುಂದೆ ಹಾಜರಾದೆ. ಮೊದಲ ದಿನ ಸಂಬಳ ಬಂದಿಲ್ಲವೆಂದೆ. ಎರಡನೆಯ ದಿನವೂ ಅದನ್ನೇ ಹೇಳಿದಾಗ, "ಹೊಸದು ಹೇಳು," ಎಂದಳು. ಹಾಗಾಗಿ ಅಂಗಡಿಯ ಯಜಮಾನರ ಕತೆ ಹೇಳಿದೆ. ಆಮೇಲೆ ಗಿರಾಕಿಗಳ ಕತೆ. ಒಂದು ದಿನ ನನ್ನ ಅಂಗಡಿ ಮುಚ್ಚಿದ ಕತೆಯನ್ನೂ ಹೇಳಿದೆ. ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವಳು ಆ ಸಂಜೆ ನನ್ನೊಡನೆ ಮತ್ತೆ ಮಾತು ಶುರುಮಾಡಿದಳು.

ಮೊನ್ನೆ ಸಂಬಳ ಬಂತು. ಬಾಕಿ ಕಂತನ್ನು ಅಕ್ಕನ ಕೈಯಲ್ಲಿಟ್ಟೆ. ಎರಡು ಸಲ ಎಣಿಸಿ, ಸರಿಯಿದೆ ಎಂದು ತಲೆಯಾಡಿಸಿದಳು. ಆ ಕಂತಿನ ಲೆಕ್ಕ ಚುಕ್ತಾ ಆಯಿತು.

ನಿನ್ನೆ ಸಂಜೆ ಕೈಕಾಲು ತೊಳೆದು ಅವಳ ಬಾಗಿಲಲ್ಲಿ ನಿಂತ ಮೇಲೆಯೇ ನನಗೆ ಅದು ನೆನಪಾದದ್ದು.

"ಇವತ್ತೇನು ಕಾರಣ?" ಎಂದಳು ಅಕ್ಕ.

"ಕಾರಣ ಏನೂ ಇಲ್ಲ ಅಕ್ಕ. ಸುಮ್ಮನೆ ಬಂದೆ."

"ಹಾಗಾದ್ರೆ ಕೂತ್ಕೋ," ಎಂದಳು.

ಕೋಣೆಯಲ್ಲಿ ಕುರ್ಚಿ ಒಂದೇ ಇತ್ತು, ಅದರಲ್ಲಿ ಅವಳು ಕಾಲು ಚಾಚಿ ಒರಗಿದ್ದಳು. ನಾನು ನೆಲದ ಮೇಲೆ ಕೂತೆ.