ಇಪ್ಪತ್ತೆರಡು ಪುಟದ ಅಂದಾಜು

ಬೇಕರಿಗಳಿಗೆ ಹಿಟ್ಟು ಕಲಸುವ ಯಂತ್ರ ತಯಾರಿಸುವ ಆ ಕಾರ್ಖಾನೆಯಲ್ಲಿ, ಯಂತ್ರದ ಜೊತೆ ಹೋಗುವ ಕೈಪಿಡಿ ಬರೆಯುವವನು ಅವನೊಬ್ಬನೇ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕೈಪಿಡಿಯಪ್ಪ. ಹೋದ ಸಲ "ಎಂಟು ದಿನ ಸಾಕು ಸಾರ್" ಎಂದು ಬಾಯಿ ಜಾರಿ ಮೂವತ್ತು ದಿನ ತೆಗೆದುಕೊಂಡಿದ್ದ. ಯಂತ್ರಗಳು ಕೈಪಿಡಿಗಾಗಿ ಕಾದು ಕಾದು ಗೋದಾಮಿನಲ್ಲಿ ಧೂಳು ತಿಂದಿದ್ದವು.

ಈ ಸಲ ಮ್ಯಾನೇಜರು ಬೆಳಿಗ್ಗೆಯೇ ಕರೆಸಿದರು.

"ಹೊಸ ಯಂತ್ರದ ಕೈಪಿಡಿ, ನಲವತ್ತನಾಲ್ಕು ಪುಟ. ಎಷ್ಟು ದಿನ ಬೇಕು ಅಂತ ಸಂಜೆ ಐದಕ್ಕೆ ಹೇಳಿ. ಹೇಳಿದ ದಿನ ತಪ್ಪಿತೋ, ಮಾರನೇ ದಿನದಿಂದ ನೀವು ಬರೋದೇ ಬೇಡ."

ಕೈಪಿಡಿಯಪ್ಪ ನೇರ ಯಂತ್ರ ರೂಪಿಸಿದ ಇಂಜಿನಿಯರಮ್ಮನ ಮೇಜಿಗೆ ಓಡಿ, ಎಷ್ಟು ದಿನ ಬೇಕಾದೀತು ಎಂದು ಕೇಳಿದ.

"ಅಯ್ಯೋ, ಎರಡು ದಿನ ಸಾಕಲ್ರೀ! ಯಂತ್ರ ಮಾಡೋದು ಕಷ್ಟ, ಬರೆಯೋದೇನು?"

"ಸರಿ ಮೇಡಂ, ಈ ಕೆಂಪು ಗುಂಡಿ ಒತ್ತಿದ್ರೆ ಏನಾಗುತ್ತೆ?"

ಆಕೆ ತಲೆ ಕೆರೆದುಕೊಂಡರು. "ಅದಾ... ಮುಂದಿನ ವಾರ ಹೇಳ್ತೀನಿ."

ಅವನು ಬರೆದುಕೊಂಡ: ಒಂದು ಗುಂಡಿ, ಒಂದು ವಾರ.

"ಆ ಗುಂಡಿ ನಿನ್ನೆಯೇ ಕಿತ್ತು ಹಾಕಿದ್ರಲ್ಲಪ್ಪ," ಎಂದು ಸ್ಟೋರಿನವರು ಇಣುಕಿದರು. "ಈಗ ಅಲ್ಲಿ ಹಿಡಿಕೆ ಬಂದಿದೆ. ನಾನಾಗಿದ್ರೆ ಆರು ತಿಂಗಳು ಕೇಳ್ತಿದ್ದೆ."

ಅಷ್ಟರಲ್ಲಿ ಹೆಂಡತಿಯ ಫೋನು. ವಿಷಯ ಕೇಳಿ ಆಕೆ ಹೇಳಿದಳು: "ಹಾಲಿನವನಿಗೆ ನಾಲ್ಕು ಸಾಲು ಚೀಟಿ ಬರೆಯೋಕೆ ಅರ್ಧ ಗಂಟೆ ತಗೊಂಡ್ರಲ್ಲ, ಅದನ್ನೂ ಲೆಕ್ಕಕ್ಕಿಟ್ಕೊಳ್ಳಿ. ಕಮ್ಮಿ ಹೇಳಿ ಕೆಲಸ ಕಳ್ಕೊಂಡು ಬರಬೇಡಿ."

ಎಷ್ಟು ಕೂಡಿ ಕಳೆದರೂ ನಲವತ್ತು ದಿನ. ಬರೀ ಬಾಯಲ್ಲಿ ನಲವತ್ತು ಎಂದರೆ ಮ್ಯಾನೇಜರು ಹೊರಗೆ ಅಟ್ಟುವುದು ಖಂಡಿತ. ಕಾರಣ ಬರೆದೇ ಕೊಡಬೇಕು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಕೂತ. ಯಾವ ಹಿಡಿಕೆಗೆ ಎಷ್ಟು ಗಂಟೆ, ಯಾವ ಚಿತ್ರಕ್ಕೆ ಎಷ್ಟು ದಿನ, ಯಾರ ಉತ್ತರಕ್ಕೆ ಎಷ್ಟು ವಾರ ಕಾಯಬೇಕು, ಎಲ್ಲವನ್ನೂ ಕೋಷ್ಟಕ ಹಾಕಿ ಕಂಪ್ಯೂಟರಿನಲ್ಲಿ ಕುಟ್ಟಿದ. ನಾಲ್ಕೂಮುಕ್ಕಾಲಿಗೆ ಪ್ರಿಂಟರು ಕಾಗದ ಕಚ್ಚಿ ಹಿಡಿಯಿತು. ಎಳೆದು, ಗುದ್ದಿ, ಕೈಯೆಲ್ಲ ಮಸಿ ಮಾಡಿಕೊಂಡು, ಐದಕ್ಕೆ ಒಂದು ನಿಮಿಷವಿದ್ದಾಗ ಇಪ್ಪತ್ತೆರಡು ಪುಟ ತಂದು ಮೇಜಿನ ಮೇಲಿಟ್ಟ.

ಮ್ಯಾನೇಜರು ಒಂದೊಂದೇ ಪುಟ ತಿರುವಿದರು. ಗಂಟಿಕ್ಕಿದ್ದ ಅವರ ಹುಬ್ಬು ನಿಧಾನಕ್ಕೆ ಸಡಿಲವಾಯಿತು.

"ಭೇಷ್! ಎಷ್ಟು ಅಚ್ಚುಕಟ್ಟಾಗಿದೆ! ಇದನ್ನ ಬರೆಯೋಕೆ ಎಷ್ಟು ಹೊತ್ತಾಯ್ತು?"

ಕೈಪಿಡಿಯಪ್ಪ ಉಬ್ಬಿಹೋದ. "ಬೆಳಿಗ್ಗೆಯಿಂದ ಒಂದೇ ಸಮ ಬರೆದೆ ಸಾರ್. ಊಟಕ್ಕೂ ಏಳಲಿಲ್ಲ."

"ಇಪ್ಪತ್ತೆರಡು ಪುಟ, ಒಂದು ದಿನ," ಮ್ಯಾನೇಜರು ಕ್ಯಾಲೆಂಡರಿಗೆ ಕೆಂಪು ಪೆನ್ನು ಒತ್ತಿದರು. "ಹಾಗಾದ್ರೆ ನಲವತ್ತನಾಲ್ಕಕ್ಕೆ ಎರಡು. ನಾಡಿದ್ದು ಸಂಜೆ ಕೊಡಿ. ಬೇಕಾದ್ರೆ ಊಟ ಮಾಡ್ಕೊಂಡೇ ಬರೀರಿ."

"ಸಾರ್! ಕೊನೇ ಪುಟ ನೋಡಿ, ನಲವತ್ತು ದಿನ ಅಂತ..."

"ಅದು ಅಂದಾಜು ಕಣ್ರೀ," ಎಂದರು ಮ್ಯಾನೇಜರು, ಪೆನ್ನಿನ ಮುಚ್ಚಳ ಹಾಕುತ್ತ. "ಇದು ಲೆಕ್ಕ."