ಪಂಜರದ ಹಕ್ಕಿಗೆ ಭಾನುವಾರದ ಸಲಹೆ

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಅವಮಾನ ನನಗೆ ಭಾನುವಾರಕ್ಕೊಮ್ಮೆ ಆಗುತ್ತದೆ. ಮೊದಮೊದಲು ಊಟ ಸೇರುತ್ತಿರಲಿಲ್ಲ. ಈಗ ಊಟ ಮುಗಿಸಿಯೇ ಫೋನ್ ತೆಗೆಯುತ್ತೇನೆ.

ಹಾವೇರಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತೈದು ವರ್ಷದಿಂದ ಮದುವೆ, ಸೀಮಂತ, ಜವಳ, ಪಾಸ್‌ಪೋರ್ಟ್ ಸೈಜು, ಎಲ್ಲ ತೆಗೆದಿದ್ದೇನೆ. ನಾನು ತೆಗೆದ ಫೋಟೋಗಳು ಈ ಭಾಗದ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ಒಂದರ ಕೆಳಗೂ ನನ್ನ ಹೆಸರಿಲ್ಲ. ಇರಬೇಕೆಂದೂ ಇಲ್ಲ ಬಿಡಿ, ಯಾರದೋ ಅಜ್ಜನ ಫೋಟೋದ ಕೆಳಗೆ ನನ್ನ ಹೆಸರು ಬರೆದರೆ ಅಜ್ಜನ ಮಕ್ಕಳು ಸುಮ್ಮನಿರುತ್ತಾರೆಯೇ? ಆದರೂ ಸಾಯುವುದರೊಳಗೆ ಒಂದೇ ಒಂದು ಸಲ, ಒಂದು ಗೋಡೆ, ಒಂದು ಫೋಟೋ, ಕೆಳಗೆ ನನ್ನ ಹೆಸರು ನೋಡಬೇಕು ಅನ್ನುವುದು ನನ್ನ ಆಸೆ.

ನಮ್ಮೂರಿನ ಹವ್ಯಾಸಿ ಫೋಟೋಗ್ರಾಫರುಗಳ ಬಳಗ ವರ್ಷಕ್ಕೊಂದು ಪ್ರದರ್ಶನ ಇಡುತ್ತದೆ. ಅದರಲ್ಲಿ ‘ಸಾಕಿದ ಹಕ್ಕಿಗಳು’ ಎಂಬ ವಿಭಾಗವಿದೆ. ಕಾಡಿನ ಹಕ್ಕಿಗಾದರೆ ದಿನಗಟ್ಟಲೆ ಕಾಯಬೇಕು, ಪಂಜರದ ಹಕ್ಕಿ ಎಲ್ಲಿಗೆ ಹೋದೀತು ಎಂದುಕೊಂಡು ಅದಕ್ಕೆ ಕೈಹಾಕಿದೆ. ಮೂರು ವರ್ಷವೂ ಫೋಟೋ ವಾಪಸ್ ಬಂತು. ಆರಿಸುವವರು ನಿವೃತ್ತ ಡ್ರಾಯಿಂಗ್ ಮಾಸ್ತರು. ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾವು ಹಾಕುವ ಫೋಟೋಗಳಿಗೆ ಅವರು ಭಾನುವಾರ ಭಾನುವಾರ ಒಂದೊಂದು ಸಲಹೆ ಕೊಡುತ್ತಾರೆ. ಒಂದೇ ಒಂದು. ಎರಡು ಹೇಳಿದರೆ ನಮಗೆ ತಲೆ ಕೆಡುತ್ತದಂತೆ. ನಾನು ಆ ಒಂದನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ನನ್ನ ಕಷ್ಟವೆಲ್ಲ ಶುರುವಾಗಿದ್ದೇ ಅಲ್ಲಿಂದ.

ನೀಲಿ ಪರದೆ

ನಮ್ಮ ಸ್ಟುಡಿಯೋದ ಎದುರಿಗೆ ಒಬ್ಬ ಟೇಲರ್ ಚಾಚಾ ಇದ್ದಾರೆ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಆರು ಲವ್ ಬರ್ಡ್ಸ್ ಸಾಕಿದ್ದಾರೆ. ಅವುಗಳ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮಾಸ್ತರ ಸಲಹೆ ಬಂತು: “ಹಕ್ಕಿ ಹಿಂದ ಯಾರದೋ ಪಾಯಜಾಮ ಜೋತಾಡಾಕತ್ತೈತಿ. ಹಿನ್ನೆಲೆ ಸ್ವಚ್ಛ ಇರಲಿ.”

ಸ್ವಚ್ಛ ಹಿನ್ನೆಲೆ ನನ್ನ ಹೊಟ್ಟೆಪಾಡು. ಪಾಸ್‌ಪೋರ್ಟ್ ಫೋಟೋಕ್ಕೆ ಬಳಸುವ ನೀಲಿ ಪರದೆ ಒಯ್ದು ಪಂಜರದ ಹಿಂದೆ ಕಟ್ಟಿದೆ. ಎರಡೂ ಪಕ್ಕದಿಂದ ಬಿಸಿಲು ಹೊಡೆಯುತ್ತಿತ್ತು, ಅಲ್ಲಿಯೂ ಕಟ್ಟಿದೆ. ಮೇಲೆಯೂ ಹೊದಿಸಿದೆ. ಲೈಟು ಸರಿಮಾಡಿ ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಆರೂ ಹಕ್ಕಿಗಳು ಕತ್ತು ಹಿಂದಕ್ಕೆ ತಿರುಗಿಸಿ ಕೊಕ್ಕನ್ನು ರೆಕ್ಕೆಯೊಳಗೆ ತುರುಕಿ ಗಾಢ ನಿದ್ದೆಯಲ್ಲಿದ್ದವು. ಚಿಟಿಕೆ ಹೊಡೆದೆ, ಶಿಳ್ಳೆ ಹಾಕಿದೆ. ಅಭ್ಯಾಸಬಲದಿಂದ “ಗದ್ದ ಸ್ವಲ್ಪ ಮ್ಯಾಲ ಮಾಡ್ರಿ” ಅಂತಲೂ ಅಂದೆ.

ಚಾಚಾ ಮಷಿನ್ ನಿಲ್ಲಿಸಿ ಒಳಗೆ ಬಂದರು. “ದಿನಾ ಸಂಜಿಕ ನಾ ಹಿಂಗ ಬಟ್ಟಿ ಹೊದಿಸೇ ಮಲಗಸ್ತೀನ್ರಿ. ನೀವು ಮುಂಜಾನಿ ಹನ್ನೊಂದು ಗಂಟೇಕ ಮಲಗಿಸಿಬಿಟ್ರಿ. ಇನ್ನ ರಾತ್ರಿ ಎಲ್ಲಾ ನಾ ಅವುಗಳ ಜೋಡಿ ಮಾತಾಡ್ಕೋತ ಕುಂದರಬೇಕು.”

ಆದರೂ ಆ ಫೋಟೋ ಹಾಕಿದೆ. ಮಾಸ್ತರು ಬರೆದರು: “ಪರದೆ ಭಾಳ ಛಲೋ ಬಂದೈತಿ.”

ಚುಕ್ಕಿ

ಐರಣಿಯಲ್ಲಿ ಹೊಳೆಯ ದಂಡೆಗೆ ತೋಟ ಮಾಡಿಕೊಂಡಿರುವ ಒಬ್ಬರು ಗಿನಿ ಕೋಳಿ ಸಾಕುತ್ತಾರೆ. ಗಿನಿ ಕೋಳಿ ನೋಡದವರಿಗೆ ಹೇಳುತ್ತೇನೆ: ಕಪ್ಪು ಮೈ, ಮೈತುಂಬ ಸಾಸಿವೆಯಷ್ಟು ಬಿಳಿ ಚುಕ್ಕಿ. ಅಲ್ಲಿಗೆ ಹೋಗಿ ಬಲೆಯೊಳಗೆ ನಿಂತಿದ್ದ ಒಂದು ಹುಂಜದ ಫೋಟೋ ತೆಗೆದೆ. ಸ್ವತಃ ನನಗೇ ಸಮಾಧಾನವಾಗುವಂತೆ ಬಂದಿತ್ತು.

ಮಾಸ್ತರ ಸಲಹೆ: “ಫೋಟೋದಾಗ ಧೂಳಿನ ಕಲೆ ಅದಾವು. ತೆಗೀರಿ.”

ಅವರು ಹೇಳಿದ್ದು ನನ್ನ ಕ್ಯಾಮೆರಾದೊಳಗಿನ ಧೂಳಿನಿಂದ ಆಕಾಶದ ಭಾಗದಲ್ಲಿ ಬಿದ್ದ ಎರಡು ಕಲೆಗಳ ಬಗ್ಗೆ. ಅದು ನನಗೆ ತಿಳಿದದ್ದು ಆಮೇಲೆ. ಇಪ್ಪತ್ತೈದು ವರ್ಷದಿಂದ ಮದುಮಕ್ಕಳ ಮೊಡವೆ ತೆಗೆದ ಕೈ ಇದು. ಕಂಪ್ಯೂಟರ್ ಮುಂದೆ ಕುಳಿತರೆ ಮುಖದ ಮೇಲೆ ಒಂದು ಚುಕ್ಕಿಯೂ ಉಳಿಯುವುದಿಲ್ಲ, ಮನಸ್ಸು ಎಲ್ಲೋ ಇದ್ದರೂ ಕೈ ತನ್ನ ಕೆಲಸ ಮಾಡುತ್ತದೆ. ಬೆಳಿಗ್ಗೆ ಕುಳಿತವನು ಸಂಜೆ ಚಹಾದ ಹೊತ್ತಿಗೆ ಎದ್ದೆ. ಕೋಳಿ ಕರ್ರಗೆ, ನುಣ್ಣಗೆ, ಮದುವೆಗೆ ಸಿದ್ಧವಾದಂತಿತ್ತು. ಆಕಾಶದ ಎರಡು ಕಲೆ ಹಾಗೇ ಉಳಿದಿದ್ದವು.

ಗುಂಪಿನಲ್ಲಿ ಯಾರಿಗೂ ಅದು ಯಾವ ಹಕ್ಕಿ ಎಂದು ತಿಳಿಯಲಿಲ್ಲ. ಅಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಯಾರೋ ಅದನ್ನು ಐರಣಿಯ ತೋಟದವರಿಗೂ ಕಳಿಸಿದ್ದಾರೆ. ಅವರ ಫೋನ್ ಬಂತು.

“ಸಾಹೇಬ್ರ, ಆ ಫೋಟೋ ಅಳಿಸಿಬಿಡ್ರಿ.”

“ಯಾಕ್ರಿ?”

“ನಾ ಊರಾಗ ನಾಕು ಮಂದಿಗೆ ಗಿನಿ ಕೋಳಿ ಮಾರೇನ್ರಿ. ತೊಳದ್ರ ಚುಕ್ಕಿ ಹೋಗ್ತಾವು ಅಂತ ತಿಳಕೊಂಡು ಮುಂಜಾನಿಯಿಂದ ಒಬ್ಬಾವ ಹಿತ್ತಲದಾಗ ಕೋಳಿ ಹಿಡಕೊಂಡು ತಿಕ್ಕಾಕತ್ತಾನ.”

ಕೆಂಪು

ಮುಂದಿನ ಸಲಹೆ ಬಣ್ಣದ್ದು. “ಬಿಳಿ ಹಕ್ಕಿ ತೆಗೀರಿ, ಹಿಂದ ಕೆಂಪು ಇರಲಿ, ಎದ್ದು ಕಾಣ್ತೈತಿ.”

ಬ್ಯಾಡಗಿಯಲ್ಲಿ ನನಗೆ ಪರಿಚಯದ ಮೆಣಸಿನಕಾಯಿ ವ್ಯಾಪಾರಿ ಒಬ್ಬರಿದ್ದಾರೆ. ಅವರ ಮನೆಯಲ್ಲಿ ಜುಟ್ಟಿನ ಬಿಳಿ ಕಾಕಟೀಲ್ ಗಿಳಿಗಳ ಜೋಡಿ ಇದೆ. ಕೆಂಪು ಬಟ್ಟೆ ತರುತ್ತೇನೆ ಎಂದರೆ ಅವರು ನಕ್ಕರು. “ಬ್ಯಾಡಗಿಗೆ ಬಂದು ಕೆಂಪು ಹೊರಗಿಂದ ತರ್ತೀರೇನ್ರಿ?” ಎಂದವರೇ ಪಂಜರದ ಹಿಂದೆ ಎದೆಮಟ್ಟ ಒಣಮೆಣಸಿನಕಾಯಿ ಸುರಿಸಿದರು. ಅಂಥ ಕೆಂಪು ನಾನು ಯಾವ ಮದುಮಗಳ ಸೀರೆಯಲ್ಲೂ ಕಂಡಿಲ್ಲ. ಫ್ಯಾನ್ ಬೇರೆ ಹಾಕಿದರು, ನನಗೆ ಸೆಕೆ ಆಗಬಾರದೆಂದು.

ಮೊದಲ ಸೀನು ಬಂದಾಗ ಶುಭಶಕುನವಲ್ಲ ಎಂದು ಕುಳಿತು ಎದ್ದೆ. ಹತ್ತನೆಯದಕ್ಕೆ ಶಕುನ ಬಿಟ್ಟೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೈಯಲ್ಲಿ ಕ್ಯಾಮೆರಾ. ಹಕ್ಕಿಗಳು ಮಾತ್ರ ಸರಳಿನ ಸಂದಿಯಿಂದ ಒಂದು ಕಾಯಿ ಎಳೆದುಕೊಂಡು ಬೀಜ ಬಿಡಿಸಿ ಆರಾಮವಾಗಿ ತಿನ್ನುತ್ತಿದ್ದವು. ವ್ಯಾಪಾರಿಯೂ, ಅವರ ತಾಯಿಯೂ, ತೊಟ್ಟಿಲ ಕೂಸೂ ಒಂದು ಸಲವೂ ಸೀನಲಿಲ್ಲ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, “ಪಾಪ, ಹುಟ್ಟಿನಿಂದ ಹಿಂಗೇನು?” ಎಂದು ಕೇಳಿದರು.

ನೂರಾರು ಫೋಟೋದಲ್ಲಿ ಒಂದೂ ಅಲುಗದೆ ಬಂದಿರಲಿಲ್ಲ. ಇದ್ದುದರಲ್ಲೇ ಒಂದನ್ನು ಹಾಕಿದೆ. ಮಾಸ್ತರು ಬರೆದರು: “ಹಕ್ಕಿ ಕುಂತೈತಿ, ಮನಿ ಹಾರಾಕತ್ತೈತಿ.”

ಅವತ್ತು ನನಗೆ ನಿಜವಾಗಿಯೂ ಅಳು ಬಂತು. ಮೆಣಸಿನಕಾಯಿಯದೇ ಇರಬೇಕೆಂದು ನನ್ನ ಮನೆಯಾಕೆ ಮಜ್ಜಿಗೆ ಕೊಟ್ಟಳು.

ಕೀಲಿ

ಈ ವರ್ಷ ಕೊನೆಯ ಸಲ, ಆಗದಿದ್ದರೆ ಹಕ್ಕಿಯ ಸಹವಾಸವೇ ಬೇಡ ಎಂದು ತೀರ್ಮಾನಿಸಿದೆ. ಫೋಟೋ ಕೊಡಲು ಒಂದೇ ವಾರ ಉಳಿದಿತ್ತು. ಮಾಸ್ತರ ಸಲಹೆ ಹೀಗಿತ್ತು: “ಹಕ್ಕಿಯ ಮುಂದ ಬಲೆ ಕಾಣಬಾರದು.”

ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯಿಂದ ನಿವೃತ್ತರಾದ ಒಬ್ಬರು ಮನೆಯ ಹತ್ತಿರದ ಜಾಗದಲ್ಲಿ ಕೋಣೆಯಷ್ಟು ದೊಡ್ಡ ಪಂಜರ ಕಟ್ಟಿಸಿ ಹಳದಿ ಬಣ್ಣದ ವಿದೇಶಿ ಗಿಳಿಗಳನ್ನು ಬಿಟ್ಟಿದ್ದಾರೆ. ನನ್ನ ಲೆನ್ಸು ಚೊಂಬಿನಷ್ಟು ದಪ್ಪ, ಬಲೆಯ ಕಣ್ಣು ಚಿಕ್ಕದು. ಬಲೆ ಕಾಣಬಾರದೆಂದರೆ ನಾನೇ ಒಳಗೆ ಹೋಗಬೇಕು. ಮಾಲೀಕರು ಒಪ್ಪಿದರು. ಹಿಂದೊಮ್ಮೆ ಎರಡು ಗಿಳಿ ಹಾರಿಹೋದಾಗಿನಿಂದ ಅವರಿಗೆ ಬಾಗಿಲು ಕಂಡರೆ ಕೀಲಿ ಹಾಕುವ ರೂಢಿ. ನನ್ನನ್ನು ಒಳಗೆ ಬಿಟ್ಟರು, ಕೀಲಿ ಹಾಕಿದರು, ಕೀಲಿಕೈ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದರು. ಊಟದ ಮೇಲೆ ಮಲಗಿದರು.

ನನ್ನ ಮನೆಯಾಕೆ ಹೊರಗೆ ಬೇವಿನ ಗಿಡದ ಕೆಳಗೆ ರೇಷ್ಮೆ ಸೀರೆಯಲ್ಲಿ ಕುಳಿತಿದ್ದಳು. ನಾವು ಅಲ್ಲಿಂದ ಮೋಟೆಬೆನ್ನೂರಿಗೆ, ಅವಳ ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೋಗಬೇಕಿತ್ತು. ಒಂದು ತಾಸಾಯಿತು. ಒಂದು ಗಿಳಿ ನನ್ನ ತಲೆಯ ಮೇಲೆ ಕುಳಿತಿತ್ತು, ಇನ್ನೊಂದು ಅಂಗಿಯ ಗುಂಡಿ ಕಡಿಯುತ್ತಿತ್ತು. ಫೋಟೋ ತೆಗೆಯುವ ಮಾತೇ ಬೇಡ, ನನ್ನ ಮೈಮೇಲಿರುವ ಹಕ್ಕಿಯನ್ನು ನಾನು ಹೇಗೆ ತೆಗೆಯಲಿ? ಬಲೆ ಹಿಡಿದುಕೊಂಡು ನಿಂತೆ.

“ಫೋನ್ ಹಚ್ಚು ಅವರಿಗೆ,” ಎಂದೆ.

“ಹಚ್ಚೇನ್ರಿ, ಎತ್ತವಲ್ರು. ಮನಿ ಕದಾನೂ ಬಡದು ಬಂದೆ, ಯಾರೂ ಏಳವಲ್ರು. ತಡೀರಿ, ನಿಮ್ಮ ಗುಂಪಿನಾಗ ರಾಣೆಬೆನ್ನೂರಿನವರು ಅದಾರಲ್ಲ, ಅವರಿಗೆ ಕೇಳ್ತೀನಿ.”

ಸ್ಟುಡಿಯೋದ ಆರ್ಡರ್ ನೋಡುವವಳು ಅವಳೇ ಆದ್ದರಿಂದ ಅವಳೂ ಆ ಗುಂಪಿನಲ್ಲಿದ್ದಾಳೆ. ಮೊಬೈಲನ್ನು ಬಲೆಗೆ ಒತ್ತಿ ಹಿಡಿದು ನನ್ನದೊಂದು ಫೋಟೋ ಹೊಡೆದಳು. ಮೊಬೈಲಿನ ಕಣ್ಣು ಬಟಾಣಿಯಷ್ಟು, ಬಲೆಯ ಸಂದಿಯಲ್ಲಿ ಸರಿಯಾಗಿ ಕುಳಿತಿತು. ಕೆಳಗೆ ಬರೆದಳು: “ನಮ್ಮವರು ಸಿಕ್ಕೊಂಡಾರ. ಯಾರರೆ ಬಂದು ಮಾಲಕರನ್ನ ಎಬ್ಬಸ್ರಿ.”

ಕೂಡಲೇ ಉತ್ತರಗಳು ಬಂದವು. ಅವಳು ಒಂದೊಂದಾಗಿ ಓದಿ ಹೇಳಿದಳು. “ಲೈಟ್ ಛಲೋ ಐತಿ.” “ಎಡಕ್ಕ ಚೂರು ಜಾಗ ಬಿಟ್ಟಿದ್ರ ಇನ್ನೂ ಛಲೋ ಆಗ್ತಿತ್ತು.” “ಗಿಳಿ ಕಣ್ಣು ಖರೇನ ಮಾತಾಡ್ತಾವು.” ರಾಣೆಬೆನ್ನೂರಿನಲ್ಲೇ ಇರುವ ಸದಸ್ಯರು ಯಾವ ಮೊಬೈಲು ಎಂದು ಕೇಳಿದ್ದರು. ಕೀಲಿಯ ಮಾತು ಯಾರೂ ಎತ್ತಲಿಲ್ಲ. ಮಾಲೀಕರು ತಾವಾಗಿಯೇ ಎದ್ದು ಬರುವ ಹೊತ್ತಿಗೆ ನನ್ನ ಅಂಗಿಯಲ್ಲಿ ಕಾಲರಿನ ಗುಂಡಿ ಒಂದೇ ಉಳಿದಿತ್ತು. ತೊಟ್ಟಿಲ ಕಾರ್ಯಕ್ಕೆ ಶಾಲು ಹೊದ್ದು ಹೋದೆ.

ಪ್ರದರ್ಶನದ ದಿನದ ಹೊತ್ತಿಗೆ, ನಾನು ಕೊಟ್ಟಿದ್ದ ಹಳೆಯ ಫೋಟೋ ಈ ಸಲವೂ ವಾಪಸ್ ಬಂದಿತ್ತು. ಆದರೂ ನೋಡೋಣವೆಂದು ಹೋದರೆ ಬಾಗಿಲ ಎದುರಿನ ಗೋಡೆಯ ಮೇಲೆ, ಆಳೆತ್ತರದಲ್ಲಿ, ನಾನೇ ನಿಂತಿದ್ದೆ. ತಲೆಯ ಮೇಲೆ ಗಿಳಿ, ಎದೆಯ ಮೇಲೆ ಗಿಳಿ. ಗುಂಪಿನಲ್ಲಿದ್ದ ಫೋಟೋವನ್ನೇ ಮಾಸ್ತರು ಆರಿಸಿದ್ದರು. ಕೆಳಗೆ ‘ಸಾಕಿದ ಹಕ್ಕಿಗಳು: ಮೊದಲ ಬಹುಮಾನ’ ಎಂದೂ, ಅದರ ಕೆಳಗೆ ನನ್ನ ಹೆಂಡತಿಯ ಹೆಸರೂ ಇತ್ತು.

ಮಾಸ್ತರು ನನ್ನನ್ನು ಕೈಹಿಡಿದು ಅದರ ಮುಂದೆ ಕರೆದೊಯ್ದರು. “ನಾ ಮೂರು ವರ್ಷ ಬಡಕೊಂಡಿದ್ದು ನಿಮ್ಮ ಮನಿಯಾಗ ಒಬ್ರಿಗರೆ ತಿಳೀತಲ್ಲ. ನೋಡ್ರಿ, ಮುಂದ ಬಲೆ ಇಲ್ಲ. ಹಿನ್ನೆಲೆ ಸ್ವಚ್ಛ. ಆ ಮುಖದಾಗಿನ ಹತಾಶೆ ನೋಡ್ರಿ, ಹೇಳಿ ತರಿಸಿದ್ರ ಬರೂದಿಲ್ಲ.”

“ಹೌದ್ರಿ,” ಎಂದೆ.

“ಒಂದ ಒಂದು ಕೊರತಿ,” ಎಂದು ಮಾಸ್ತರು ಕನ್ನಡಕ ಸರಿಮಾಡಿಕೊಂಡರು. “ಕೊರಳಾಗ ಆ ಕ್ಯಾಮೆರಾ ಇರಬಾರದಿತ್ತು. ಕೆಲಸಕ್ಕ ಬಾರದ ಸಾಮಾನು, ಸುಮ್ನ ಕಣ್ಣು ಅಲ್ಲಿಗೆ ಹೋಗ್ತೈತಿ.”

ಮನೆಯಾಕೆ ಅದನ್ನು ಗಂಭೀರವಾಗಿ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ ಹೇಳಿದಳು: “ಮುಂದಿನ ವರ್ಷ ಒಳಗ ಹೋಗುವಾಗ ಅದನ್ನ ಮನ್ಯಾಗ ಇಟ್ಟು ಬರ್ರಿ.”