ಮೇಷ್ಟ್ರ ಒಂದೇ ಲ್ಯಾಟಿನ್ ಹಾಡು

ತಲೆಯಾಡಿಸಿದ್ದೇ ತಪ್ಪಾಯಿತು. ಬೆಳಿಗ್ಗೆ ಎಂಟಕ್ಕೆ ಚರ್ಚಿನ ಬಾಗಿಲಲ್ಲಿ ಮದುವೆ ಹುಡುಗಿಯ ತಾಯಿ, "ಮೇಷ್ಟ್ರೇ, ನಮ್ಮಮ್ಮನ ಕಾಲದಲ್ಲಿ ಮದುವೆ ಪೂಜೆಯೆಲ್ಲ ಲ್ಯಾಟಿನ್ನಲ್ಲೇ ಆಗ್ತಿತ್ತಂತೆ. ನಿಮಗೆ ಲ್ಯಾಟಿನ್ ಹಾಡು ಬರುತ್ತಲ್ವಾ? ಇವತ್ತೊಂದು ಹಾಡಿಬಿಡಿ" ಎಂದಾಗ ಗಾಯನ ತಂಡದ ಮೇಷ್ಟ್ರು ಹೂಂ ಎಂದುಬಿಟ್ಟರು. ಬರುತ್ತಿದ್ದುದು ನಿಜ. ಒಂದೇ ಒಂದು. ಚಿಕ್ಕಂದಿನಲ್ಲಿ, ಶವಸಂಸ್ಕಾರಗಳಲ್ಲಿ ಹಾಡುತ್ತಿದ್ದ ಸೋದರಮಾವನ ಹಿಂದೆ ಸ್ಮಶಾನಕ್ಕೆ ಹೋಗಿ ಹೋಗಿ ಕಲಿತದ್ದು. ಸತ್ತವರಿಗೆ ನಿತ್ಯ ವಿಶ್ರಾಂತಿ ಕೊಡು ದೇವರೇ ಎಂಬುದು ಅದರ ಅರ್ಥ.

ಆಗುವುದಿಲ್ಲ ಎನ್ನಲು ಹಿಂತಿರುಗಿದರೆ ಹುಡುಗಿಯ ಅಪ್ಪ ಎದುರಾದ. ಅವನದು ಮಾಂಸದಂಗಡಿ. ಕೈಯಲ್ಲಿ ಕತ್ತಿ ಇಲ್ಲದಾಗಲೂ ಇದ್ದಂತೆಯೇ ಕಾಣುತ್ತಿತ್ತು.

"ಎಲ್ರಿಗೂ ಹೇಳ್ಬಿಟ್ಟಿದ್ದೀನಿ ಮೇಷ್ಟ್ರೇ. ನನ್ನ ಮಾನ ನಿಮ್ಮ ಕೈಲಿದೆ" ಎಂದು ಭುಜ ಅದುಮಿದ. ಮೇಷ್ಟ್ರು ಮತ್ತೊಮ್ಮೆ ಹೂಂ ಎಂದರು.

ಮಹಡಿಗೆ ಹತ್ತಿ, ಆರ್ಗನ್ ಮುಂದೆ ಕೂತು, ತಂಡದಲ್ಲಿದ್ದ ನರ್ಸಮ್ಮನ ಕಿವಿಯಲ್ಲಿ ಗುಟ್ಟು ಹೇಳಿದರು.

"ಅದಕ್ಯಾಕೆ ಹೀಗೆ ಬೆವರ್ತೀರಿ? ನಿಧಾನಕ್ಕೆ ಹಾಡಿದ್ರೆ ಸಾವಿನ ಹಾಡು, ಬೇಗ ಹಾಡಿದ್ರೆ ಮದುವೆ ಹಾಡು. ಇಲ್ಲಿ ಯಾರಿಗೆ ಲ್ಯಾಟಿನ್ ಬರುತ್ತೆ? ನಮ್ಮ ಚಿಕ್ಕ ಫಾದರಿಗೇ ಬರಲ್ಲ."

"ಈ ಕೆಲಸ ಹೋಗುತ್ತಮ್ಮ, ಇಪ್ಪತ್ತು ವರ್ಷದ್ದು."

"ಜೀವ ಉಳಿದ್ರೆ ಸಾಕು ಅನ್ನಿ. ಹುಡುಗಿ ಅಪ್ಪನ್ನ ನೋಡಿದ್ರೆ ಅದೂ ಅನುಮಾನ."

ಅಷ್ಟರಲ್ಲಿ ಕೆಳಗೆ ಪಕ್ಕದ ಬಾಗಿಲು ತೆರೆಯಿತು. ನಿವೃತ್ತರಾದ ದೊಡ್ಡ ಫಾದರ್ ಕೋಲೂರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತರು. ಪ್ರಾಯದಲ್ಲಿ ದಿನವೂ ಲ್ಯಾಟಿನ್ನಿನಲ್ಲೇ ಪೂಜೆ ಮಾಡಿದವರು. ಉಂಗುರದ ಹೊತ್ತಿಗೆ ಮೇಷ್ಟ್ರು ಕಣ್ಣು ಮುಚ್ಚಿ ಹಾಡು ಎತ್ತಿಕೊಂಡರು.

ಹಾಡು ನಾಯಿ ಅಟ್ಟಿಸಿಕೊಂಡು ಬಂದವರಂತೆ ಓಡಿತು. ಕೆಳಗೆ ಹುಡುಗ ಹುಡುಗಿಗೆ ಉಂಗುರ ತೊಡಿಸುತ್ತಿದ್ದ. ಮೇಲೆ ಮೇಷ್ಟ್ರು ಆ ಇಬ್ಬರಿಗೂ ನಿತ್ಯ ವಿಶ್ರಾಂತಿ ಬೇಡುತ್ತಿದ್ದರು. ದೊಡ್ಡ ಫಾದರ್ ತಟ್ಟನೆ ತಲೆಯೆತ್ತಿ ಮಹಡಿಯನ್ನೇ ನೋಡಿದರು. ಆಮೇಲೆ ಕರವಸ್ತ್ರ ತೆಗೆದರು.

ಪೂಜೆ ಮುಗಿದು ಮೇಷ್ಟ್ರು ಕೆಳಗಿಳಿದಾಗ ಜನರೆಲ್ಲ ಮುತ್ತಿಕೊಂಡು ಹೊಗಳಿದರು. ಒಂದು ಮಾತೂ ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಕೇಳಿಸುತ್ತಿದ್ದುದು ಹತ್ತಿರವಾಗುತ್ತಿದ್ದ ಕೋಲಿನ ಸದ್ದು ಮಾತ್ರ. ದೊಡ್ಡ ಫಾದರ್ ಅವರನ್ನು ಕಂಬದ ಮರೆಗೆ ಕರೆದರು.

"ನಿನಗೆ ಯಾರಪ್ಪ ಹೇಳಿದ್ದು?"

"ತಪ್ಪಾಯ್ತು ಫಾದರ್."

"ತಪ್ಪೆಂಥದು? ನಮ್ಮಕ್ಕ ಇವತ್ತು ಬೆಳಗಿನ ಜಾವ ತೀರಿಕೊಂಡಳು. ಮದುವೆ ಮನೆಯವರ ಸಂತೋಷ ಕೆಡೋದು ಬೇಡ ಅಂತ ಯಾರಿಗೂ ಹೇಳಿರ್ಲಿಲ್ಲ. ನೀನು ಹೇಗೋ ತಿಳ್ಕೊಂಡು ಅವಳಿಗೋಸ್ಕರ ಹಾಡಿದೆ." ಮುದುಕರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹೌದು ಫಾದರ್" ಎಂದರು ಮೆಲ್ಲಗೆ.

"ಸಂಜೆಗೂ ಅದನ್ನೇ ಹಾಡು, ಸ್ವಲ್ಪ ನಿಧಾನವಾಗಿ. ಅಕ್ಕನ ಮಣ್ಣು ಐದು ಗಂಟೆಗೆ."

ಕೊನೆಯ ಮಾತಷ್ಟೇ ಕೇಳಿಸಿಕೊಂಡು ಹುಡುಗಿಯ ಅಪ್ಪ ಕಂಬದಾಚೆಯಿಂದ ಬಂದ. ಕಣ್ಣು ತುಂಬಿಕೊಂಡಿದ್ದ.

"ಏನ್ ಫಾದರ್, ಅಕ್ಕ ಹೋಗ್ಬಿಟ್ರಾ? ನನಗೆ ಜ್ಞಾನಸ್ನಾನ ಕೊಟ್ಟೋರು ನೀವು. ನಾವು ಬಿಡ್ತೀವಾ? ಊಟ ಮುಗಿಸಿ ಮದುವೆಗೆ ಬಂದೋರೆಲ್ಲ ಹಾಗೇ ಮಣ್ಣಿಗೂ ಬರ್ತೀವಿ" ಎಂದು ಮೇಷ್ಟ್ರ ಭುಜದ ಮೇಲೆ ಮತ್ತೆ ಕೈಯಿಟ್ಟ. "ನೀವು ಹಾಡೋದಾದ್ರೆ ನಾನು ಮುಂದಿನ ಬೆಂಚಲ್ಲೇ ಕೂತ್ಕೋತೀನಿ ಮೇಷ್ಟ್ರೇ."